ಕೊಳವಿರುವ ಮನೆ ಮಾರಾಟಕ್ಕಿದೆ

ಈಜುಕೊಳವಿರುವ ಮನೆಗೆ ಬೆಲೆ ಹೆಚ್ಚು ಎಂಬ ಮಹಾಸತ್ಯ ದಂತರಾಯರಿಗೆ ದರ್ಶನ ಕೊಟ್ಟಿದ್ದು ದಂತವೈದ್ಯರ ಹೊರಕೋಣೆಯಲ್ಲಿ. ಹಾಗೆಂದು ಅವರ ಹಲ್ಲಿಗೇನೂ ಆಗಿರಲಿಲ್ಲ. ಊರಿನ ದಂತವೈದ್ಯರಿಗೆಲ್ಲ ಕಟ್ಟುಹಲ್ಲು ಮಾಡಿಕೊಡುವುದೇ ಅವರ ಕಸುಬು. (ದಂತರಾಯರೆಂಬ ಬಿರುದು ಬೀದಿಯವರು ದಯಪಾಲಿಸಿದ್ದು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ನೆನಪಿದೆ.) ಅಂದು ಯಾರದೋ ಮೇಲ್ದವಡೆಯ ಸೆಟ್ಟನ್ನು ತಲುಪಿಸಲು ಹೋದವರು, ವೈದ್ಯರ ಕೈ ಬಿಡುವಾಗುವವರೆಗೆ ಅಲ್ಲಿದ್ದ ಹಳೆಯ ಪತ್ರಿಕೆಯೊಂದನ್ನು ತಿರುವಿದರು. 'ಹಿತ್ತಿಲಲ್ಲಿ ಈಜುಕೊಳ ಕಟ್ಟಿಸಿದರೆ ಮನೆಯನ್ನು ಮಾರುವಾಗ ಬೆಲೆ ಗಣನೀಯವಾಗಿ ಏರುತ್ತದೆ. ಆದರೆ' ಎಂದಿತ್ತು. 'ಆದರೆ' ಎಂಬುದರ ಮುಂದಿನ ಭಾಗವನ್ನು ಯಾರೋ ಪೊಟ್ಟಣ ಕಟ್ಟಲು ಹರಿದುಕೊಂಡು ಹೋಗಿದ್ದರು. ಬೇರೆ ಯಾರಾದರೂ ಆಗಿದ್ದರೆ ಆ 'ಆದರೆ'ಯ ಗತಿ ಏನಾಯಿತೆಂದು ಸ್ವಲ್ಪ ಯೋಚಿಸುತ್ತಿದ್ದರು. ರಾಯರು ಯೋಚಿಸಲಿಲ್ಲ. ಮನೆಗೆ ಬಂದು ಹಿತ್ತಿಲನ್ನು ಅಗೆಸಿದರು.

"ನಿಮಗೆ ಈಜು ಬರಲ್ಲ. ನನಗೆ ನೀರು ಕಂಡ್ರೆ ಎದೆ ಹೊಡ್ಕೊಳುತ್ತೆ. ಕೊಳ ಯಾರಿಗೆ?" ಎಂದು ಕೇಳಿದರು ಅವರ ಹೆಂಡತಿ.

"ಮುಂದೆ ಈ ಮನೆ ಕೊಂಡ್ಕೊಳೋನಿಗೆ."

"ನಾವು ಮನೆ ಮಾರ್ತಾ ಇದೀವಾ?"

"ಛೆ, ಯಾರಂದ್ರು?"

"ಮತ್ತೆ?"

"ಒಂದು ವೇಳೆ ಮಾರಿದ್ರೆ ಅಂತ."

ಈ ಒಂದು ವೇಳೆಗಾಗಿ ಬಟ್ಟೆ ಒಣಗಿಸುವ ತಂತಿಗಳು ಹಿತ್ತಿಲಿನಿಂದ ಗಡಿಪಾರಾದವು. ನೀಲಿ ಟೈಲ್ಸ್ ಬಂತು. ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿಯನ್ನು ರಾಯರು ಟೈಲ್ಸ್ ಅಂಗಡಿಗೆ ಒಯ್ದು, ಸುತ್ತಂಚಿನ ಬಿಳಿಯನ್ನು 'ಇಪ್ಪತ್ತರ ಹರೆಯದ ಮುಂಬಲ್ಲು' ಎಂಬ ಛಾಯೆಗೆ ಹೊಂದಿಸಿದರು. ಕೊಳಕ್ಕೆ ನೀರು ಬಿಟ್ಟ ದಿನ ಪ್ಯಾಂಟು ಮಡಿಚಿ ಮೂರನೇ ಮೆಟ್ಟಿಲವರೆಗೆ ಇಳಿದು, ಖಂಡವೊಂದನ್ನು ಕಂಡುಹಿಡಿದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಹೆಂಡತಿ ಒದ್ದೆ ಬೆಡ್‌ಶೀಟುಗಳನ್ನು ತಂದು ರಾಯರ ಕೆಲಸದ ಕೋಣೆಯಲ್ಲಿ ಹರವಿದರು. ಅವು ತೊಟ್ಟಿಕ್ಕಿ, ಆಗಷ್ಟೇ ಎರಕ ಹೊಯ್ದಿದ್ದ ಪ್ಲಾಸ್ಟರಿನ ದವಡೆಗಳು ಒಂದೊಂದಾಗಿ ಸೊಟ್ಟಗಾದವು.

ಅಲ್ಲಿಂದ ಶುರುವಾದ ಜಗಳ ದಿನಕ್ಕೊಂದು ವೇಷ ಹಾಕಿಕೊಂಡು ಬಂದು, ಕೊನೆಗೊಂದು ಬೆಳಿಗ್ಗೆ ತನ್ನ ನಿಜವಾದ ಮುಖ ತೋರಿಸಿತು.

"ರೀ, ಒಂದೇ ಒಂದು ಸಲ ಬಾಯಿಬಿಟ್ಟು ಹೇಳಿ. ಈ ಹೊಂಡದಿಂದ ಮನೆ ಬೆಲೆ ಬಿಡಿಗಾಸೂ ಏರಿಲ್ಲ, ನಾನು ಎಡವಿದೆ, ಅಂತ. ಆಮೇಲೆ ನಾನು ಈ ವಿಷಯ ಎತ್ತಿದ್ರೆ ಕೇಳಿ."

"ಸತ್ಯಕ್ಕೆ ಅಪಚಾರ ಮಾಡು ಅಂತೀಯಲ್ಲ, ಹೇಗೆ ಮಾಡ್ಲಿ?"

"ಹೌದಾ? ಹಾಗಾದ್ರೆ ಆ ಸತ್ಯದ ಜೊತೆನೇ ಸಂಸಾರ ಮಾಡಿ. ನಾನು ಅಕ್ಕನ ಮನೇಲಿರ್ತೀನಿ."

ಹೇಳಿದಂತೆಯೇ ಸೂಟ್‌ಕೇಸು ಎತ್ತಿಕೊಂಡು ಹೊರಟೇಬಿಟ್ಟರು.

ಮೊದಮೊದಲು ರಾಯರು ಗೆದ್ದವರ ಹಾಗೆ ಎದೆಯುಬ್ಬಿಸಿ ಓಡಾಡಿದರು. ಆ ಎದೆಯನ್ನು ನೋಡಲು ಮನೆಯಲ್ಲಿ ಯಾರೂ ಇರಲಿಲ್ಲ, ಅಷ್ಟೇ. ಕೆಲಸದ ಮೇಜಿನ ಮೇಲೆ ಸಾಲಾಗಿ ಅಷ್ಟೊಂದು ಮಂದಿ ಹಲ್ಲು ಕಿರಿಯುತ್ತಿದ್ದರೂ ಮಾತಾಡುವವರು ಒಬ್ಬರೂ ಇಲ್ಲ. ಒಂದೇ ಲೋಟಕ್ಕೆ ಕಾಫಿ ಮಾಡುವುದು ಹೇಗೆಂದು ಅವರಿಗೆ ತಿಳಿಯದು. ಎರಡು ಲೋಟ ಮಾಡಿ, ಎರಡನ್ನೂ ತಾವೇ ಕುಡಿದು, 'ಸಕ್ಕರೆ ಕಮ್ಮಿ ಆಯ್ತು' ಎಂದು ತಾವೇ ದೂರಿ, 'ಬೇಕಿದ್ರೆ ಹಾಕ್ಕೊಳ್ಳಿ, ಕೈ ಬಿದ್ದು ಹೋಗಿದ್ಯಾ' ಎಂದು ತಾವೇ ಉತ್ತರ ಕೊಟ್ಟುಕೊಳ್ಳುವ ಮಟ್ಟಕ್ಕೆ ಬಂದರು. ಸಂಜೆ ಕೊಳದ ಪಂಪು ಗುರ್ ಎನ್ನತೊಡಗಿದರೆ ಯಾರೋ ಪಕ್ಕದ ಕೋಣೆಯಲ್ಲಿ ಗೊಣಗುತ್ತಿದ್ದಾರೆ ಎನಿಸಿ ಜೀವಕ್ಕೆ ಹಾಯೆನಿಸುತ್ತಿತ್ತು. ನೀರು ಶುದ್ಧವಾಗಿದ್ದ ದಿನವೂ ಅವರು ಪಂಪು ಹಾಕುತ್ತಿದ್ದರು.

ಒಂದು ಫೋನ್ ಮಾಡಿ, ಹೇಳಬೇಕಾದ ಆ ಒಂದು ವಾಕ್ಯವನ್ನು ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ರಾಯರ ತಲೆಗೆ ಇನ್ನೊಂದು ಉಪಾಯ ಹೊಳೆಯಿತು. (ಅವರ ತಲೆಗೆ ಉಪಾಯ ಹೊಳೆದಾಗಲೆಲ್ಲ ಮನೆಯ ಯಾವುದಾದರೊಂದು ಭಾಗಕ್ಕೆ ಪೆಟ್ಟು ಬಿದ್ದೇ ತೀರುತ್ತದೆ.) ಮನೆಯನ್ನು ಮಾರಾಟಕ್ಕಿಡುವುದು! ಮಾರುವುದಲ್ಲ, ಬರೀ ಇಡುವುದು. ಬಂದವರಲ್ಲಿ ಯಾವನೋ ಒಬ್ಬ ಪುಣ್ಯಾತ್ಮ 'ಕೊಳ ಇದೆಯಲ್ಲ, ಅದಕ್ಕೆ ಸ್ವಲ್ಪ ಜಾಸ್ತಿ ಕೊಡ್ತೀನಿ' ಎಂದರೆ ಮುಗಿಯಿತು. ತಕ್ಷಣ ಹೆಂಡತಿಗೆ ಫೋನ್. ಆಕೆ ತಲೆತಗ್ಗಿಸಿ ಮರಳುತ್ತಾರೆ. ತಾವು ಚಕ್ರವರ್ತಿಯ ಗತ್ತಿನಲ್ಲಿ 'ಆಯ್ತು, ಹೋಗ್ಲಿ ಬಿಡು' ಎಂದು ಕ್ಷಮಿಸುತ್ತಾರೆ. ಆ 'ಹೋಗ್ಲಿ ಬಿಡು'ವನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದೂ ಆಯಿತು.

ಗೇಟಿಗೆ ಬೋರ್ಡು ಬಿತ್ತು. ಹೊಸದಾಗಿ ಪರಿಚಯವಾದ ಬ್ರೋಕರೊಬ್ಬ ಗಿರಾಕಿಗಳನ್ನು ಕರೆತರತೊಡಗಿದ.

ಮೊದಲು ಬಂದದ್ದು ಅಂಬೆಗಾಲಿಡುವ ಮಗುವಿದ್ದ ದಂಪತಿ. ಕೊಳ ಕಂಡದ್ದೇ ತಡ, ತಾಯಿ ಮಗುವನ್ನು ಅವಚಿ ಹಿಡಿದು ಗೇಟಿನವರೆಗೆ ಹಿಂದಕ್ಕೇ ನಡೆದಳು. ಗಂಡ ಮೆಲ್ಲಗೆ, "ಇದನ್ನ ಮುಚ್ಚಿಸೋ ಖರ್ಚು ನಿಮ್ಮದೇ ತಾನೆ?" ಎಂದ. ಆಮೇಲೆ ಬಂದ ನಿವೃತ್ತ ಅಧಿಕಾರಿಯೊಬ್ಬರು ಬೆನ್ನ ಹಿಂದೆ ಕೈಕಟ್ಟಿ ಕೊಳಕ್ಕೆ ಒಂದು ಸುತ್ತು ಬಂದು, "ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಇದಕ್ಕೆ ಎಷ್ಟು ಕಡಿಮೆ ಮಾಡ್ತೀರಿ?" ಎಂದು ಕೇಳಿದರು. ಇನ್ನೊಂದು ಕುಟುಂಬ ಭಾನುವಾರ ಬಂದು, ನೋಡುವ ನೆಪದಲ್ಲಿ ನೀರಿಗಿಳಿದು, ಮುಂದಿನ ಭಾನುವಾರವೂ ಟವೆಲ್ಲು ಸಮೇತ ಹಾಜರಾಗಿ, "ನಾವಿನ್ನೂ ಯೋಚಿಸ್ತಾ ಇದೀವಿ" ಎಂದು ಕೊಳದೊಳಗಿನಿಂದಲೇ ಕೂಗಿ ಹೇಳಿತು.

"ಸಾರ್, ಜಾಹೀರಾತಲ್ಲಿ ಕೊಳ ಅನ್ನೋ ಮಾತು ತೆಗೆದುಬಿಡೋಣ," ಎಂದ ಬ್ರೋಕರು.

"ಬಂದವರು ಹಿತ್ತಿಲಲ್ಲಿ ಅದೇನು ಅಂತ ಕೇಳಿದ್ರೆ?"

"ಮೊನ್ನೆ ಮಳೆ ಜೋರಾಗಿತ್ತು ಅನ್ನೋಣ."

ಇದರ ನಡುವೆ ರಾಯರಿಗೆ ತಿಳಿಯದಂತೆಯೇ ಒಂದು ಚಟ ಅಂಟಿಕೊಂಡಿತು. ಗಿರಾಕಿಗಳು ಬರುವ ದಿನ ಅವರು ಬೇಗ ಎದ್ದು ಕ್ಷೌರ ಮಾಡಿಕೊಂಡು ಬಿಸ್ಕತ್ತು ತಂದಿಡುತ್ತಿದ್ದರು. ಬಂದವರು ಬೇಗ ಹೊರಡಬಾರದೆಂದು ಪ್ರತಿಯೊಂದು ಕಿಟಕಿಯನ್ನೂ ತೆರೆದು, ಮುಚ್ಚಿ, ಮತ್ತೆ ತೆರೆದು ತೋರಿಸುತ್ತಿದ್ದರು. ಗೋಡೆಯ ಬಿರುಕು ಯಾವ ವರ್ಷದ್ದು, ಮೆಟ್ಟಿಲು ಯಾವುದು ಕಿರುಗುಟ್ಟುತ್ತದೆ ಎಂಬ ಚರಿತ್ರೆಯನ್ನೆಲ್ಲ ಹೇಳುತ್ತಿದ್ದರು. ಅಪ್ಪಿತಪ್ಪಿ ಯಾರಾದರೂ ಕೊಳ್ಳುತ್ತೇನೆಂದುಬಿಟ್ಟರೆ? ಅದಕ್ಕೆಂದೇ ಯಾರು ಎಷ್ಟು ಹೇಳಿದರೂ 'ಅಷ್ಟಕ್ಕೆ ಗಿಟ್ಟಲ್ಲ' ಎನ್ನುವುದನ್ನು ರೂಢಿ ಮಾಡಿಕೊಂಡರು. ಕಡೆಕಡೆಗೆ ಎದುರಿನವರು ಬಾಯಿ ತೆರೆಯುವ ಮುಂಚೆಯೇ ಆ ಮಾತು ಹೊರಬೀಳುತ್ತಿತ್ತು. ಯಾರೂ ಬಾರದ ದಿನ ತಾವೇ ಬ್ರೋಕರಿಗೆ ಫೋನ್ ಮಾಡಿ, "ನಾಳೆಗಾದ್ರೂ ಯಾರಾದ್ರೂ ಇದಾರೇನಪ್ಪಾ? ಕೊಳ್ಳೋರೇ ಆಗ್ಬೇಕು ಅಂತೇನಿಲ್ಲ" ಎನ್ನುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಗೇಟಿನ ಮುಂದೆ ಟ್ಯಾಕ್ಸಿ ನಿಂತಿತು. ಬ್ರೋಕರು ಮುಂದಿನ ಸೀಟಿನಿಂದ ಇಳಿದ. ಹಿಂದಿನಿಂದ ಇಳಿದವರು ಇಬ್ಬರು ಹೆಂಗಸರು. ಒಬ್ಬರು ರಾಯರ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ. ಇನ್ನೊಬ್ಬರು, ತಂಪು ಕನ್ನಡಕ ಹಾಕಿಕೊಂಡಿದ್ದರೂ ಎಡಗಡೆಯ ಕೋರೆಹಲ್ಲು ತುಸು ಮುಂದಕ್ಕಿದ್ದವರು, ಸಾಕ್ಷಾತ್ ಹೆಂಡತಿ.

"ಸಾರ್, ಇವರು ಬೋರ್ಡು ನೋಡಿ ನನಗೆ ಫೋನ್ ಮಾಡಿದ್ರು. ಅಕ್ಕ ತಂಗಿ. ಒಳ್ಳೇ ಪಾರ್ಟಿ," ಎಂದು ಬ್ರೋಕರು ಪರಿಚಯಿಸಿದ. ಪಾಪ, ಅವನಿಗೇನು ಗೊತ್ತು? ಓನರು ಒಬ್ಬಂಟಿ ಎಂದಷ್ಟೇ ಅವನು ತಿಳಿದಿದ್ದ.

ರಾಯರು ತೆರೆದಿದ್ದ ಗೇಟನ್ನೇ ಮತ್ತೊಮ್ಮೆ ತೆರೆದರು. ಹೆಂಡತಿ ಮಾತ್ರ ಗಂಭೀರವಾಗಿ, "ನಮಸ್ಕಾರ. ಮನೆ ನೋಡ್ಬೇಕಿತ್ತು," ಎಂದರು.

"ಬನ್ನಿ, ಬನ್ನಿ. ಇದು ಹಾಲ್," ಎಂದರು ರಾಯರು, ಆಕೆ ಇಷ್ಟು ವರ್ಷ ಗುಡಿಸಿದ ಹಜಾರದೊಳಗೆ ಆಕೆಗೇ ದಾರಿ ತೋರಿಸುತ್ತ.

ಹೆಂಡತಿ ಅಡುಗೆಮನೆಗೆ ಹೋಗಿ ಸಿಂಕಿನಲ್ಲಿ ಬಿದ್ದಿದ್ದ ಒಂದೇ ತಟ್ಟೆಯನ್ನೂ ಎರಡು ಲೋಟಗಳನ್ನೂ ನೋಡಿದರು.

"ಮನೇಲಿ ಎಷ್ಟು ಜನ ಇದೀರಿ?"

"ಒಬ್ಬನೇ."

"ಲೋಟ ಎರಡಿದೆ?"

"ಎರಡೂ ನಂದೇ."

"ಮನೆಯವರು?"

"ಗಾಳಿ ಬದಲಾವಣೆಗೆ ಅಕ್ಕನ ಮನೆಗೆ ಹೋಗಿದಾರೆ."

ಅತ್ತಿಗೆಗೆ ಜೋರಾಗಿ ಕೆಮ್ಮು ಬಂತು.

"ಗಾಳಿ ಚೆನ್ನಾಗಿದ್ಯಂತಾ ಅಲ್ಲಿ?" ಎಂದರು ಹೆಂಡತಿ.

"ಫೋನೇ ಮಾಡಿಲ್ಲ."

"ನೀವು ಮಾಡಿದ್ರಾ, ರೀ... ಓನರೇ?"

ರಾಯರು ಹಿತ್ತಿಲ ಬಾಗಿಲು ತೆರೆದರು.

ಕೊಳದ ನೀರು ಅಲುಗಾಡದೆ ಮಲಗಿತ್ತು. ಹೆಂಡತಿ ಚಪ್ಪಲಿ ಬಿಟ್ಟು, ಅಂಚಿನ ಬಿಳಿ ಟೈಲ್ಸ್ ಮೇಲೆ ನಿಂತು, ಬಹಳ ಹೊತ್ತು ನೋಡಿದರು.

"ಚೊಕ್ಕಟವಾಗಿ ಇಟ್ಟಿದೀರಿ."

"ದಿನಾ ಎಲೆ ತೆಗೀತೀನಿ."

"ಇಳೀತೀರಾ?"

"ಮೂರನೇ ಮೆಟ್ಟಿಲವರೆಗೆ."

"ಅದಕ್ಕಿಂತ ಕೆಳಗೆ?"

"ಅದಕ್ಕಿಂತ ಕೆಳಗೆ ಹೋಗಿ ಜಾರಿದ್ರೆ, ಕೂಗಿದ್ದು ಕೇಳೋಕೆ ಮನೇಲಿ ಯಾರಾದ್ರೂ ಇರ್ಬೇಕಲ್ಲ."

ಹೆಂಡತಿ ತಂಪು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಬ್ರೋಕರನತ್ತ ತಿರುಗಿ, ಶಾಲೆಯಲ್ಲಿ ಬಾಯಿಪಾಠ ಒಪ್ಪಿಸುವವರ ಹಾಗೆ ಒಂದೇ ಉಸಿರಿಗೆ ಹೇಳಿದರು: "ನೋಡಿ, ಮನೆ ಹಳೇದು. ಆದ್ರೂ ಕೊಳ ಇದೆ. ಕೊಳ ಇರೋದ್ರಿಂದ, ಬೇರೆಯವರು ಹೇಳಿದ್ದಕ್ಕಿಂತ ನಾವು ಸ್ವಲ್ಪ ಜಾಸ್ತಿನೇ ಕೊಡ್ತೀವಿ."

ಬ್ರೋಕರನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅತ್ತಿಗೆ ನಕ್ಕರು. ಓದುಗರೇ, ರಾಯರು ಇಷ್ಟು ದಿನ ಕಾದಿದ್ದು ಈ ಮಾತಿಗೆ. ಅದೂ ಈ ಬಾಯಿಂದ! ಈಗ ಅವರು ಮಾಡಬೇಕಿದ್ದದ್ದು ಇಷ್ಟೇ: 'ಹೋಗ್ಲಿ ಬಿಡು' ಎನ್ನುವುದು. ಬೇಡ, ಸುಮ್ಮನೆ ನಿಂತು ಅತ್ತುಬಿಟ್ಟಿದ್ದರೂ ಸಾಕಿತ್ತು. ರಾಯರು ಬಾಯಿ ತೆರೆದರು. ಆ ಬಾಯಿ ಅಷ್ಟು ದಿನದಿಂದ ಯಾವ ಮಾತಿಗೆ ಪಳಗಿತ್ತೋ ಅದೇ ಹೊರಬಿತ್ತು.

"ಅಷ್ಟಕ್ಕೆ ಗಿಟ್ಟಲ್ಲಮ್ಮಾ."

ಹಕ್ಕಿಯೊಂದು ಬಂದು ನೀರು ಕುಡಿದು ಹೋಯಿತು. ಮೌನ ಕಂಡರೆ ಮಾರುವವರಿಗೆ ಹುರುಪು ಹೆಚ್ಚು. ರಾಯರು ಮುಂದುವರಿದರು: "ಈ ಟೈಲ್ಸ್ ನೋಡಿ. ಪಂಪು ನೋಡಿ, ಎಷ್ಟು ಮೆತ್ತಗೆ ಓಡುತ್ತೆ. ಸ್ವಲ್ಪ ಜಾಸ್ತಿ ಅಂದ್ರೆ ಹೇಗೆ? ಸ್ವಲ್ಪ ಅಂದ್ರೆ ಎಷ್ಟು?"

"ಸ್ವಲ್ಪ ಅಂದ್ರೆ ಸ್ವಲ್ಪ," ಎಂದರು ಹೆಂಡತಿ. ಕನ್ನಡಕ ಮತ್ತೆ ಮೂಗಿನ ಮೇಲೇರಿತು. "ಯೋಚನೆ ಮಾಡಿ ಹೇಳ್ತೀವಿ."

ಗೇಟಿನವರೆಗೆ ಬಿಡಲು ಬಂದ ರಾಯರು ಅಭ್ಯಾಸಬಲದಿಂದ ಮಾರುವವರ ಇನ್ನೊಂದು ಮಾತನ್ನೂ ಅಂದುಬಿಟ್ಟರು: "ಬೇಗ ಹೇಳಿ, ಬೇರೆ ಪಾರ್ಟಿಯವರೂ ಬರ್ತಾ ಇದಾರೆ."

ಹೆಂಡತಿ ಹೋಗಿ ಟ್ಯಾಕ್ಸಿಯಲ್ಲಿ ಕೂತರು. ಅತ್ತಿಗೆ ಮಾತ್ರ ಒಂದು ಕ್ಷಣ ನಿಂತು, ಬ್ರೋಕರಿಗೆ ಕೇಳಿಸದಂತೆ ಹಲ್ಲು ಕಚ್ಚಿ ಹೇಳಿದರು: "ನಿಮಗೇನು ಗ್ರಹಚಾರ ಕೆಟ್ಟಿದ್ಯೇನ್ರೀ? ಆ ಒಂದು ಮಾತನ್ನ ಅವಳು ಬೆಳಿಗ್ಗೆಯಿಂದ ಬಾಯಿಪಾಠ ಮಾಡ್ತಾ ಇದ್ಲು. ಸೂಟ್‌ಕೇಸು ಡಿಕ್ಕಿಲೇ ಇದೆ."

ಡಿಕ್ಕಿ ಅವರ ಕಣ್ಣೆದುರೇ ಬೀದಿಯ ತಿರುವಿನಲ್ಲಿ ಮರೆಯಾಯಿತು.

"ಎಂಥಾ ಗಿರಾಕಿ ಸಾರ್! ಕೊಳಕ್ಕೆ ಜಾಸ್ತಿ ಕೊಡ್ತೀನಿ ಅಂದವರನ್ನ ನನ್ನ ಜನ್ಮದಲ್ಲಿ ನೋಡಿಲ್ಲ. ಬಿಟ್ಟುಬಿಟ್ರಲ್ಲ!" ಎಂದು ಹಿಂದೆ ಉಳಿದಿದ್ದ ಬ್ರೋಕರು ಕೈ ಕೈ ಹಿಸುಕಿಕೊಂಡ.

ರಾಯರು ಅವನ ತೋಳು ಹಿಡಿದುಕೊಂಡರು. ತಾವೇ ಫೋನ್ ಮಾಡಲು ಮುಖವೆಲ್ಲಿ? "ಅವರಿಗೆ ಫೋನ್ ಮಾಡಪ್ಪಾ. ಅವರು ಎಷ್ಟು ಹೇಳಿದ್ರೂ ಸರಿ ಅನ್ನು. ಕೊಳದಿಂದ ಮನೆ ಬೆಲೆ ಬಿಡಿಗಾಸೂ ಏರಿಲ್ಲ, ಓನರೇ ಒಪ್ಪಿದಾರೆ, ಎಡವಿದ್ದು ಓನರೇ, ಅನ್ನು. ಇದೇ ಮಾತು ಹೇಳು. ಒಂದಕ್ಷರ ಬಿಡಬೇಡ."

"ಹಾಗೆಲ್ಲ ಹೇಳಿದ್ರೆ ಬೆಲೆ ಬಿದ್ದೋಗುತ್ತೆ ಸಾರ್!"

"ಬೀಳ್ಲಿ."

ಬ್ರೋಕರು ಕಾಂಪೌಂಡಿನ ಮೂಲೆಗೆ ಹೋಗಿ, ಕೈಯಾಡಿಸುತ್ತ, ತಲೆಯಾಡಿಸುತ್ತ ಮಾತಾಡಿದ. ರಾಯರು ಗೇಟು ಹಿಡಿದು ನಿಂತರು. ಹಿಂದಿರುಗಿದವನ ಮುಖ ಅರಳಿತ್ತು.

"ಸಾರ್, ಅವಸರ ಪಟ್ಟು ಬೆಲೆ ಇಳಿಸಿದ್ರಿ. ಅವರಿಗೆ ಮನೆ ಹಿಡಿಸಿದೆ. ಕೊಳ ಅಂತೂ ಬಹಳ ಹಿಡಿಸಿದೆ. ಅದಕ್ಕೆ ಬೆಲೆ ಇದ್ದೇ ಇದೆ, ಒಂದು ಪೈಸೆನೂ ಕಡಿಮೆ ಮಾಡೋದು ಬೇಡ ಅಂದ್ರು. ಮನೆ ಬೆಲೆ ಇಳಿಸ್ತಾ ಇರೋದು ಓನರಂತೆ."

ರಾಯರು ಗೇಟಿನ ಬೋರ್ಡಿನತ್ತ ನೋಡಿದರು.

"ನೀವು ಬೇಜಾರು ಮಾಡ್ಕೋಬೇಡಿ, ಅದನ್ನೂ ನಾನು ಬಗೆಹರಿಸಿದೀನಿ. ಬೀಗದಕೈ ಕೊಡೋ ದಿನ ಓನರು ಮನೇಲಿರಲ್ಲ, ಬೇಕಾದ್ರೆ ಈ ಊರಲ್ಲೇ ಇರಲ್ಲ ಅಂತ ಮಾತು ಕೊಟ್ಟುಬಿಟ್ಟೆ. ಸರಿ ತಾನೆ ಸಾರ್?"

"ಅದಕ್ಕೆ... ಅದಕ್ಕೆ ಅವರೇನಂದ್ರು?"

"ಏನೂ ಅನ್ಲಿಲ್ಲ ಸಾರ್, ಫೋನ್ ಇಟ್ಟುಬಿಟ್ರು," ಎಂದ ಬ್ರೋಕರು ಸಂಭ್ರಮದಿಂದ. "ಒಪ್ಪಿದ ಹಾಗೇ ಲೆಕ್ಕ!"