ಲೊಮೂರಿಯಾನ ಎಡಗಾಲು

ಎಲ್ಲದಕ್ಕೂ ಕಾರಣ ಆ ಮೇಕೆ. ಲೊಮೂರಿಯಾನ ಮನೆಯಲ್ಲಿ ಹಾಲು ಕೊಡುತ್ತಿದ್ದುದು ಅದೊಂದೇ. ಹೇಳಿದ ಮಾತು ಕೇಳದೆ ಇದ್ದುದೂ ಅದೊಂದೇ ಎನ್ನಲು ಮಾತ್ರ ಅವನ ಹೆಂಡತಿ ಒಪ್ಪುತ್ತಿರಲಿಲ್ಲ.

ತುರ್ಕಾನಾ ಸರೋವರದ ದಂಡೆಯಲ್ಲಿ ಅಗೆದು ತೆಗೆದ, ಹದಿನೈದು ಲಕ್ಷ ವರ್ಷ ಹಳೆಯ ಹೆಜ್ಜೆಗುರುತುಗಳನ್ನು ಕಾಯುವುದು ಅವನ ಕೆಲಸ. "ಒಂದೇ ಒಂದು ಹೊಸ ಗುರುತು ಬಿದ್ರೂ ನಾಳೆಯಿಂದ ಬರ್ಬೇಡ" ಎಂದಿದ್ದರು ಡಾಕ್ಟರ್ ಚೆಬೆಟ್. ಚಪ್ಪಲಿ ದೂರ ಬಿಡಬೇಕೆಂಬುದೂ ಅವರದೇ ಕಟ್ಟಳೆ. ಆ ದಿನ ಮಣ್ಣು ಬಿರುಕು ಬಿಡದಿರಲೆಂದು ನೀರು ಚಿಮುಕಿಸಿ ಅವರು ಜೀಪು ಹತ್ತಿ ಹೋದರು. ಮೇಕೆ ಬಂತು. ಲೊಮೂರಿಯಾ ಅದರ ಕೊಂಬಿಗೆ ಹಾರಿದ. ಕೊಂಬು ತಪ್ಪಿಸಿಕೊಂಡಿತು, ಅವನ ಎಡಗಾಲು ಒದ್ದೆ ಮಣ್ಣಿನಲ್ಲಿ ಧಪ್ಪನೆ ಕೂತಿತು.

ಅಳಿಸಲು ಬಗ್ಗಿದವನು ಹಾಗೇ ನಿಂತ. ಅಕ್ಕಪಕ್ಕದಲ್ಲಿ ಎರಡು ಎಡಗಾಲಿನ ಗುರುತು, ಅವಳಿ ಮಕ್ಕಳ ಹಾಗೆ. ಯಾವುದು ತನ್ನದು?

"ಒಂಟೆ ಕಳ್ಕೊಂಡೋನ ಹಾಗೆ ಯಾಕಯ್ಯಾ ನಿಂತಿದ್ದೀಯ?" ಎನ್ನುತ್ತ ನೆರೆಮನೆಯ ಎಸೆಕೋನ್ ಬಂದ. ವಿಷಯ ಕೇಳಿ, "ಎರಡೂ ಅಳಿಸಿಬಿಡು, ಮುಗೀತು" ಎಂದ.

"ನಿನ್ನ ತಲೆ! ಹೋಗಿ ಅಪುವಾ ಅಜ್ಜೀನ ಕರ್ಕೊಂಡು ಬಾ."

ಕಳೆದ ಒಂಟೆಯಿರಲಿ, ಓಡಿಹೋದ ಮದುಮಗನಿರಲಿ, ಹೆಜ್ಜೆ ನೋಡಿ ಹೆಸರು ಹೇಳುವವಳು ಅಪುವಾ ಅಜ್ಜಿ. ಒಮ್ಮೆಯೂ ತಪ್ಪಿದವಳಲ್ಲ. ಬಗ್ಗಿ ನೋಡಿ ಒಂದರತ್ತ ಕೋಲು ಚಾಚಿದಳು. "ಇದು ನಿಂದೇ ಕಣೋ. ಹೆಬ್ಬೆರಳು ಹೊರಗೆ, ಭಾರ ಎಲ್ಲಾ ಅಂಚಿಗೆ. ನಿಮ್ಮಪ್ಪನೂ ಹೀಗೇ, ಗಾಳಿಗೆ ಸಿಕ್ಕ ಕೊಕ್ಕರೆ ಥರ ನಡೀತಿದ್ದ."

ಅಷ್ಟರಲ್ಲಿ ಜೀಪು ಬಂತು.

"ಮೇಡಂ, ಇದು ನನ್ನ ಕಾಲು. ಈಗ್ಲೇ ಅಳಿಸ್ತೀನಿ, ಕೆಲಸ ಮಾತ್ರ ತೆಗೀಬೇಡಿ!"

"ಮುಟ್ಬೇಡ!" ಡಾಕ್ಟರ್ ಫೋನಿನಲ್ಲಿ ಹಿಂದಿನ ದಿನ ತೆಗೆದ ಚಿತ್ರ ತೆರೆದು ತೋರಿಸಿದರು. "ಇದು ನಿನ್ನೆ ದಿನಾನೇ ಇಲ್ಲಿತ್ತು, ಹಳೇ ಹೆಜ್ಜೆ. ಪಕ್ಕದ್ದು ನಿಂದು. ಆ ಕಾಲಕ್ಕೆ ನಮ್ಮಂಥ ಮನುಷ್ಯರು ಇನ್ನೂ ಹುಟ್ಟೇ ಇರ್ಲಿಲ್ಲ ಅಜ್ಜಿ. ಆದ್ರೂ ನಡಿಗೆ ನಮ್ಮದೇ."

ಎಸೆಕೋನ್ ಟೋಪಿ ತೆಗೆದ. ಲೊಮೂರಿಯಾ ಕುಕ್ಕರಗಾಲಲ್ಲಿ ಕೂತು ಆ ಹಳೆಯ ಹೆಜ್ಜೆ ನೋಡಿದ. ಬೆರಳುಗಳ ಸಂದಿಯಲ್ಲಿ ಮಣ್ಣು ಉಬ್ಬಿತ್ತು. ಬಾಯಾರಿದ ಯಾರೋ ಈಗಷ್ಟೇ ನೀರಿಗೆ ಇಳಿದಂತೆ, ಕೂಗಿದರೆ ತಿರುಗಿ ನೋಡುವಷ್ಟು ದೂರದಲ್ಲೇ ಇರುವಂತೆ.

"ನೀನಾಗೇ ಹೇಳ್ದೆಯಲ್ಲ, ಹೋಗ್ಲಿ, ಕೆಲಸ ಇರುತ್ತೆ" ಎಂದರು ಡಾಕ್ಟರ್. ಲೊಮೂರಿಯಾಗೆ ಹೋದ ಉಸಿರು ಬಂತು.

ಅಜ್ಜಿ ಕೋಲೂರಿ ನೆಟ್ಟಗೆ ನಿಂತಳು. "ಹೆಜ್ಜೆ ಓದೋದ್ರಲ್ಲಿ ನಾನು ಯಾವತ್ತಾದ್ರೂ ತಪ್ಪಿದ್ದುಂಟಾ?"

"ಇಲ್ಲವೇ ಇಲ್ಲ ಅಜ್ಜಿ" ಎಂದ ಲೊಮೂರಿಯಾ.

"ಹಾಗಾದ್ರೆ ಈ ಹಳೇ ಹೆಜ್ಜೆಯೋನು ನಿಮ್ಮ ಮನೆಯೋನೇ. ಅಷ್ಟು ದೂರದಿಂದ ಹಿರಿಯ ಬಂದಿದ್ದಾನೆ. ಮೇಕೆ ಕಡೀದೆ ಹಸಿದ ಹೊಟ್ಟೇಲಿ ಕಳಿಸ್ತೀಯೇನೋ?"

ಡಾಕ್ಟರ್ ಆಗಲೇ ಊಟಕ್ಕೆ ಕೈ ತೊಳೆಯಲು ಹೊರಟಿದ್ದರು. ಬೆಳಗಿನಿಂದ ಯಾರ ಕೈಗೂ ಸಿಗದ ಮೇಕೆ, ಎಸೆಕೋನ್ ಕರೆದದ್ದೇ ತಡ, ಬಾಲ ಅಲ್ಲಾಡಿಸುತ್ತ ಬಂದು ನಿಂತಿತು.