ಡಬಲ್ ಸ್ಪೀಡಿನ ವಿರಹ

ನನ್ನ ವಿರಹಗೀತೆ ಕೇಳಿದವರು ಅಳದೆ ಮನೆಗೆ ಹೋಗಕೂಡದು ಎಂದು ನಾನು ನಿರ್ಧರಿಸಿಬಿಟ್ಟಿದ್ದೆ! ಒಂದು ವಿಡಿಯೋ ಕಳಿಸಿ, ಗಾಂಭೀರ್ಯ ಕಂಡರೆ ಒಂದು ಸಂಜೆ ನಿಮ್ಮದೇ ಎಂದು ಸಭಾಂಗಣದ ಮ್ಯಾನೇಜರು ಮಾತು ಕೊಟ್ಟಿದ್ದರು. ಇಷ್ಟು ವರ್ಷ ಬಚ್ಚಲುಮನೆಯನ್ನೇ ವೇದಿಕೆ ಮಾಡಿಕೊಂಡವನಿಗೆ ಇದಕ್ಕಿಂತ ದೊಡ್ಡ ಕರೆ ಇನ್ನೇನಿದೆ?

ವಿಡಿಯೋ ತೆಗೆಯುವ ಹೊಣೆ ಹೊತ್ತವನು ನನ್ನ ಭಾಮೈದ. ಈಗಲೂ ನೆನೆದರೆ ಹಲ್ಲು ಕಡಿಯುವಂತಾಗುತ್ತದೆ.

"ಭಾವ, ದುಃಖ ಅಂದ್ರೆ ಸ್ಲೋ ಮೋಷನ್. ಹಾಡನ್ನ ಡಬಲ್ ಸ್ಪೀಡಲ್ಲಿ ಹಾಕ್ತೀನಿ, ಅದಕ್ಕೆ ಸರಿಯಾಗಿ ತುಟಿ ಆಡಿಸಿ. ಆಮೇಲೆ ದೃಶ್ಯ ನಿಧಾನ ಮಾಡಿದ್ರೆ ಎಲ್ಲ ಹೊಂದ್ಕೊಳ್ಳುತ್ತೆ" ಎಂದ.

ನಂಬಿದೆ. ನಡುಮನೆಯಲ್ಲಿ ನನ್ನದೇ ಹಾಡು ಕೀಚಲು ದನಿಯಲ್ಲಿ ಓಡುತ್ತಿತ್ತು. ನಾನು ಎದೆ ಬಡಿದುಕೊಂಡೆ, ಕೂದಲು ಕಿತ್ತುಕೊಂಡೆ, ಕಿಟಕಿಗೂ ಬಾಗಿಲಿಗೂ ಓಡಾಡಿದೆ, ಎಲ್ಲವೂ ಶರವೇಗದಲ್ಲಿ!

ಆ ಮಹಾನುಭಾವ ದೃಶ್ಯ ನಿಧಾನ ಮಾಡುವುದನ್ನೇ ಮರೆತ. ತುಟಿಗೂ ಹಾಡಿಗೂ ತಾಳೆಯಾಗದಿದ್ದಾಗ ತಪ್ಪು ಹಾಡಿನದೆಂದು ತೀರ್ಮಾನಿಸಿ, ಹಾಡನ್ನೂ ಡಬಲ್ ಸ್ಪೀಡಲ್ಲಿ ಓಡಿಸಿ ಜಗತ್ತಿಗೆ ಬಿಟ್ಟ. ಮರುದಿನ ನನ್ನ ವಿರಹಕ್ಕೆ ಊರೇ ಕುಣಿಯುತ್ತಿತ್ತು. ನಾನು ಎದೆ ಬಡಿದುಕೊಂಡಿದ್ದು ಅವರಿಗೆ ಸ್ಟೆಪ್ಪಂತೆ! ಮೈಯೆಲ್ಲ ಉರಿದುಹೋಯಿತು.

ಹೆಂಡತಿಯ ಮುಂದೆ ಹಾರಾಡಿದೆ. ನಿನ್ನ ತಮ್ಮ ನನ್ನ ಮಾನ ಹರಾಜಿಗಿಟ್ಟ, ನಾನು ಗಂಭೀರ ಗಾಯಕ ಎಂದು ಕೂಗಾಡಿದೆ.

"ಇರ್ಬಹುದು ರೀ. ಆದ್ರೆ ನಿಮ್ಮ ಹಾಡನ್ನ ನಾನು ಪೂರ್ತಿ ಕೇಳಿದ್ದು ಇದೇ ಮೊದಲು" ಎಂದಳು.

ವಿಡಿಯೋ ನೋಡಿದ ಮ್ಯಾನೇಜರು ಗಾಂಭೀರ್ಯದ ಮಾತೇ ಎತ್ತದೆ ಸಂಜೆ ಕೊಟ್ಟುಬಿಟ್ಟರು. ಸರಿ, ನಿಜವಾದ ಹಾಡನ್ನು ನಿಧಾನವಾಗಿ ಹಾಡಿ ಒಬ್ಬೊಬ್ಬರನ್ನೂ ಅಳಿಸಿಯೇ ತೀರುತ್ತೇನೆಂದು ಕಪ್ಪು ಶಾಲು ಹೊದ್ದು, ತೂಕದ ಹೆಜ್ಜೆ ಇಡುತ್ತಾ ಸಭಾಂಗಣಕ್ಕೆ ಹೋದೆ. ಗೇಟಿನವನು ತಡೆದ. ಇವತ್ತು ಹಾಡುವವನು ನಾನೇ ಎಂದೆ. ಅವನು ಫೋನಿನಲ್ಲಿದ್ದ ವಿಡಿಯೋ ನೋಡಿದ, ನನ್ನನ್ನು ನೋಡಿದ, ಅಲ್ಲವೆಂದು ತಲೆಯಾಡಿಸಿದ.

"ಅವರು ಬಹಳ ಚುರುಕು ಸಾರ್. ನೀವು ಅವರ ಅಣ್ಣನಾ?"

ಇಷ್ಟು ದಿನ ಕುದಿಯುತ್ತಿದ್ದ ಕೋಪವೆಲ್ಲ ಒಮ್ಮೆಗೇ ಸಿಡಿಯಿತು. ಶಾಲು ಕಿತ್ತೆಸೆದೆ. ಎದೆ ಬಡಿದುಕೊಂಡೆ, ಕೂದಲು ಕಿತ್ತುಕೊಂಡೆ, ಗೇಟಿಗೂ ಕಂಬಕ್ಕೂ ಓಡಾಡುತ್ತಾ ಭಾಮೈದನನ್ನು, ಮ್ಯಾನೇಜರನ್ನು, ಕುಣಿದ ಊರನ್ನು, ಯಾರನ್ನೂ ಬಿಡದೆ ಒಂದೇ ಉಸಿರಿಗೆ ಬೈದೆ.

ಗೇಟಿನವನ ಮುಖ ಅರಳಿತು. ಗೇಟನ್ನು ಪೂರ್ತಿ ತೆರೆದು ಸಲಾಂ ಹೊಡೆದ.

"ಮೊದಲೇ ಹೀಗೆ ಬರೋದಲ್ವಾ ಸಾರ್?"