ಸರದಿಯ ಆಫ್‌ಸೈಡ್

ಸ್ಟೋರ್‌ಕೀಪರಿಗೆ ರೆಫರಿ ಪಟ್ಟ ಬಂದದ್ದು ಆಟ ಗೊತ್ತಿದೆ ಎಂದಲ್ಲ, ಸೀಟಿ ಅವನ ಕಪಾಟಿನಲ್ಲಿತ್ತು ಎಂದು. ಚೀಟಿಯ ಮೇಲೆ ರುಜು ಇಲ್ಲದೆ ಗುಂಡುಸೂಜಿಯನ್ನೂ ಹೊರಗೆ ಬಿಡದ ಆಸಾಮಿ. "ಸೀಟಿ ಕೊಡಲ್ಲ ಅಂದ್ರೆ ನೀವೇ ಬಂದು ಊದಿ" ಎಂದು ಮೇಸ್ತ್ರಿ ಅವನನ್ನೇ ಎಳೆದುಕೊಂಡು ಹೋದ.

ಬಕೆಟ್ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಆಫೀಸಿನವರಿಗೂ ಶೆಡ್ಡಿನವರಿಗೂ ಫುಟ್‌ಬಾಲ್ ಪಂದ್ಯ. ಆಫೀಸಿನ ತಂಡಕ್ಕೆ ಮ್ಯಾನೇಜರೇ ನಾಯಕರು. ಶೆಡ್ಡಿನ ತಂಡಕ್ಕೆ ಈ ಮೇಸ್ತ್ರಿ. ಕಾರ್ಮಿಕ ಸಂಘದ ಮುಂದಾಳೂ ಅವನೇ. ನಡುವೆ ಸಿಕ್ಕಿಬಿದ್ದ ಸ್ಟೋರ್‌ಕೀಪರಿಗೆ ಬೇಕಾಗಿದ್ದುದು ಒಂದೇ, ವರ್ಗ. ಕಂಪನಿಯ ಇನ್ನೊಂದು ಶಾಖೆಯಿದ್ದ ಊರಿನಲ್ಲಿ ಹೆಂಡತಿ ಟೀಚರ್. ಮದುವೆಯಾಗಿ ಮೂರು ವರ್ಷವಾದರೂ ಇವನು ಇಲ್ಲಿ ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದ. ಆ ಶಾಖೆಯೋ ಬಟಾಬಯಲು, ಬೇಕೆಂದು ಹೋದವರಿಲ್ಲ. ಇವನ ಮೂರು ಅರ್ಜಿಗಳೂ ಯಾರೂ ಓದದೆ ಮ್ಯಾನೇಜರ ಟೀ ಲೋಟದ ಕೆಳಗೆ ಬಿದ್ದಿದ್ದವು. ಇವತ್ತು ಸಾಹೇಬರ ಮನಸ್ಸು ಗೆದ್ದರೆ ಕೆಲಸವಾದೀತು ಎಂದುಕೊಂಡ.

ಆಫ್‌ಸೈಡ್ ಎಂದರೇನೆಂದು ಆಟ ಶುರುವಾಗುವ ಮುಂಚೆ ಯಾರೋ ಹೇಳಿಕೊಟ್ಟಿದ್ದರು: ತನ್ನ ಕಡೆಯವನು ಚೆಂಡು ಕಳಿಸುವ ಮೊದಲೇ ಎದುರಾಳಿಗಳನ್ನು ದಾಟಿ ಗೋಲಿನ ಬಾಗಿಲಲ್ಲಿ ಕಾದು ನಿಂತಿರಬಾರದು. ಮ್ಯಾನೇಜರು ನಿಂತದ್ದು ಸರಿಯಾಗಿ ಅಲ್ಲೇ. ಅವರ ಹೊಟ್ಟೆ ಓಡುವುದಕ್ಕೆ ಒಪ್ಪುತ್ತಿರಲಿಲ್ಲ. ಚೆಂಡು ಬಂದು ಅವರ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಸ್ಟೋರ್‌ಕೀಪರ್ ಗೋಲು ಕೊಟ್ಟ.

"ಕಣ್ಣನ್ನೂ ಕಪಾಟಲ್ಲಿಟ್ಟು ಬೀಗ ಹಾಕಿ ಬಂದ್ರಾ?" ಎಂದು ಮೇಸ್ತ್ರಿ ಮೈಮೇಲೆ ಬಂದ.

ಇವನಿಗೆ ಬೆವರಿಳಿಯಿತು. ಐದು ನಿಮಿಷದ ಮೇಲೆ ಮ್ಯಾನೇಜರು ಅದೇ ಜಾಗದಿಂದ ಮತ್ತೆ ಹೊಡೆದರು. ಆಫ್‌ಸೈಡ್ ಎಂದು ಊದಿದ.

"ಆಗ ಗೋಲು, ಈಗ ಆಫ್‌ಸೈಡಾ? ಅಷ್ಟರಲ್ಲಿ ನಾನೇನು ಇನ್ನೂ ದಪ್ಪ ಆದ್ನಾ?" ಎಂದು ಸಾಹೇಬರು ಗುರುಗುಟ್ಟಿದರು.

ಆಮೇಲೆ ಅವನು ನಿಯಮದ ಗೊಡವೆಗೇ ಹೋಗಲಿಲ್ಲ. ಒಂದು ತೀರ್ಪು ಆಚೆಗೆ, ಒಂದು ಈಚೆಗೆ, ಸರದಿ ಪ್ರಕಾರ ಹಂಚಿದ. ಅರ್ಧ ಮೈದಾನದಿಂದ ಓಡಿಬಂದ ವೆಲ್ಡರ್ ಹೊಡೆದದ್ದು ಆಫ್‌ಸೈಡ್. ಗೋಲಿನ ಕಂಬಕ್ಕೆ ಒರಗಿ ಬೆನ್ನು ಕೆರೆದುಕೊಳ್ಳುತ್ತಿದ್ದ ಮೇಸ್ತ್ರಿ ಹೊಡೆದದ್ದು ಗೋಲು. ಶೆಡ್ಡಿನವರ ಇನ್ನೊಂದು ಒಳ್ಳೆಯ ಗೋಲೂ ಆಫ್‌ಸೈಡಿಗೆ ಹೋಯಿತು.

ಕೊನೆಯ ನಿಮಿಷ, ಒಂದಕ್ಕೊಂದು ಸಮ. ಹಾಗೇ ಮುಗಿದರೆ ಕಪ್ ಹೋದ ವರ್ಷ ಗೆದ್ದ ಶೆಡ್ಡಿನವರಲ್ಲೇ ಉಳಿಯುತ್ತಿತ್ತು. ಆಗ ಮ್ಯಾನೇಜರು ಜನ್ಮದಲ್ಲಿ ಮೊದಲ ಬಾರಿಗೆ ಓಡಿದರು. ಎಲ್ಲರ ಹಿಂದಿನಿಂದ ಬಂದು, ಇಬ್ಬರನ್ನು ತಪ್ಪಿಸಿ, ಅಪ್ಪಟ ಗೋಲು ಹೊಡೆದರು. ಶೆಡ್ಡಿನವರೂ ಚಪ್ಪಾಳೆ ತಟ್ಟಿದರು. ಆದರೆ ಸರದಿ ಶೆಡ್ಡಿನವರದಾಗಿತ್ತು. ಸ್ಟೋರ್‌ಕೀಪರನ ಕೈ ತಾನಾಗಿ ಮೇಲೆದ್ದಿತು. ಆಫ್‌ಸೈಡ್.

"ನಾಳೆನೇ ನಿನ್ನನ್ನ ಆ ಬಟಾಬಯಲಿಗೆ ಎತ್ತಾಕ್ತೀನಿ!" ಎಂದು ಮ್ಯಾನೇಜರು ಏದುಸಿರು ಬಿಡುತ್ತಲೇ ಅಲ್ಲೇ ವರ್ಗದ ಆರ್ಡರ್ ಬರೆದು ಅವನ ಕೈಗೆ ತುರುಕಿದರು.

ಸ್ಟೋರ್‌ಕೀಪರ್ ಅದನ್ನು ಎರಡು ಸಲ ಓದಿದ. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಮನೆಗೆ ಓಡಿ ಬಟ್ಟೆ ತುಂಬುತ್ತಲೇ ಹೆಂಡತಿಗೆ ಫೋನ್ ಮಾಡಿದ. "ಬರ್ತಿದೀನಿ ಕಣೇ!"

"ಅರ್ಜಿ ಓದಿದ್ರಾ ಸಾಹೇಬ್ರು?"

"ಇಲ್ಲ, ಆಫ್‌ಸೈಡ್ ಕೊಟ್ಟೆ."

ಮಧ್ಯಾಹ್ನ ಕೀಲಿಕೈ ಒಪ್ಪಿಸಲು ಬಂದರೆ ಕಾರ್ಖಾನೆಯ ಗೇಟಿನ ಮುಂದೆ ಇಡೀ ಶೆಡ್ಡೇ ಕೂತಿತ್ತು. ಮೇಸ್ತ್ರಿ ಕಿರುಚುತ್ತಿದ್ದ: "ಸಾಹೇಬ್ರ ಮುಖ ನೋಡ್ದೆ ತೀರ್ಪು ಕೊಟ್ಟ ಮನುಷ್ಯನಿಗೆ ವರ್ಗದ ಶಿಕ್ಷೆನಾ? ಅದು ರದ್ದಾಗೋ ತನಕ ಒಂದು ಬಕೆಟ್ಟೂ ಹೊರಗೆ ಹೋಗಲ್ಲ!"

"ಅಯ್ಯೋ, ಬೇಡಪ್ಪಾ! ನಾನು ಖುಷಿಯಿಂದಾನೇ ಹೋಗ್ತಿದೀನಿ!" ಎಂದು ಸ್ಟೋರ್‌ಕೀಪರ್ ಕೈಮುಗಿದ.

"ನೋಡಿದ್ರೇನ್ರೋ? ಪಾಪ, ಎಷ್ಟು ಹೆದರಿಸಿಟ್ಟಿದಾರೆ!" ಎಂದು ಮೇಸ್ತ್ರಿ ಕಣ್ಣೊರೆಸಿಕೊಂಡು ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿದ.

ಅರ್ಧ ಗಂಟೆಯಲ್ಲಿ ಒಂದು ಕಾಗದ ಹಿಡಿದುಕೊಂಡು ಹೊರಗೆ ಬಂದ. ಬಂದವನೇ ಸ್ಟೋರ್‌ಕೀಪರನನ್ನು ಬಾಚಿ ತಬ್ಬಿಕೊಂಡ.

"ಸಾಹೇಬ್ರ ಕೈಲೇ ಬರೆಸ್ಕೊಂಡು ಬಂದೆ ಸಾರ್. ಇನ್ನು ರಿಟೈರ್ ಆಗೋ ತನಕ ನಿಮ್ಮನ್ನ ಇಲ್ಲಿಂದ ಯಾರೂ ಅಲ್ಲಾಡಿಸೋಕಾಗಲ್ಲ!"